ಇಂಚಿಯಾನ್‌ನಲ್ಲಿ ಏಡಿ: ಸಾರೋ, ಹಸಿಯೋ, ಹಬೆಯದ್ದೋ?

ಕೊರಿಯಾದ ಪಶ್ಚಿಮ ಕಡಲಲ್ಲಿ ಸಿಗುವ ಏಡಿಗೆ ಕೊತ್‌ಗೆ ಎನ್ನುತ್ತಾರೆ. ಇಂಚಿಯಾನ್ ಕಡೆಯ ಸಾದಾ ಹೋಟೆಲ್‌ಗಳಲ್ಲಿ ಅದು ಮೂರು ಬಗೆಯಲ್ಲಿ ಮೇಜಿಗೆ ಬರುತ್ತದೆ. ಕೊತ್‌ಗೆತಾಂಗ್ ಅಂದರೆ ಖಾರದ ಸಾರು. ಗಂಜಾಂಗ್ ಗೆಜಾಂಗ್ ಅಂದರೆ ಸೋಯಾ ಸಾಸಿನಲ್ಲಿ ನೆನೆಸಿದ ಹಸಿ ಏಡಿ. ಜಿಮ್ ಅಂದರೆ ಹಬೆಯಲ್ಲಿ ಬೇಯಿಸಿದ್ದು. ಮೂರನ್ನೂ ತಿಂದಿದ್ದೇನೆ. ನನ್ನ ಓಟು ಸಾರಿಗೆ.

ಅಗಲವಾದ ಪಾತ್ರೆಯನ್ನು ಮೇಜಿನ ಮೇಲಿನ ಒಲೆಯಲ್ಲೇ ಇಡುತ್ತಾರೆ. ಒಳಗೆ ತುಂಡು ಮಾಡಿದ ಏಡಿ, ಮೂಲಂಗಿ, ಜುಕಿನಿ, ಈರುಳ್ಳಿ, ಮೇಲೊಂದು ಹಿಡಿ ಘಮಘಮ ಸೊಪ್ಪು. ಬಣ್ಣ ನೋಡಿ ಹೆದರಬೇಡಿ. ಗೊಚುಗರು ಅನ್ನುವ ಕೊರಿಯಾದ ಮೆಣಸಿನ ಪುಡಿ ನಮ್ಮ ಬ್ಯಾಡಗಿ ಮೆಣಸಿನಂತೆ, ಬಣ್ಣ ಜಾಸ್ತಿ, ಖಾರ ಕಮ್ಮಿ. ಜೊತೆಗೆ ದೊಯೆನ್‌ಜಾಂಗ್ ಕರಗಿಸಿರುತ್ತಾರೆ. ಈ ಹುದುಗಿಸಿದ ಸೋಯಾ ಪೇಸ್ಟು ಏಡಿಯ ಹಸಿವಾಸನೆಯನ್ನು ತಗ್ಗಿಸುತ್ತದೆ. ತೆಂಗಿನಕಾಯಿ, ಹುಳಿ ಹಾಕಿದ ಗಸಿ ಉಂಡು ಬೆಳೆದವರಿಗೆ ಮೊದಲ ಚಮಚ ನೀರುನೀರು ಅನ್ನಿಸುವುದು ಸಹಜ. ಸ್ವಲ್ಪ ತಾಳಿ. ಕುದಿಯುತ್ತಾ ಹೋದಂತೆ ಚಿಪ್ಪಿನ ರಸವೆಲ್ಲ ಇಳಿದು ಸಾರು ಗಟ್ಟಿಯಾಗುತ್ತದೆ, ಮೂಲಂಗಿ ಅದನ್ನೆಲ್ಲ ಹೀರಿಕೊಳ್ಳುತ್ತದೆ. ನನಗಂತೂ ಏಡಿಗಿಂತ ಆ ಮೂಲಂಗಿಯೇ ಇಷ್ಟ! ಕೊನೆಗೆ ಉಳಿದ ಸಾರಿಗೆ ಸುಜೆಬಿ ಹಾಕಿಸಿಕೊಳ್ಳಿ. ಹಿಟ್ಟನ್ನು ಕೈಯಲ್ಲೇ ಹರಿದು ಹಾಕುವ ತುಣುಕುಗಳು ಅವು.

ಗೆಜಾಂಗ್ ಬೇರೆಯದೇ ಲೋಕ. ತಣ್ಣಗೆ, ಉಪ್ಪುಪ್ಪಾಗಿ, ಸಿಹಿಯಾಗಿ, ಜೆಲ್ಲಿಯಂತೆ ಜಾರುತ್ತದೆ. ಚಿಪ್ಪಿನೊಳಗಿನ ಮೊಟ್ಟೆಗೆ ಬಿಸಿ ಅನ್ನ ಹಾಕಿ ಕಲಸಿದರೆ ಆ ಮೊದಲ ತುತ್ತನ್ನು ಯಾವ ಸಾರೂ ಮೀರಿಸುವುದಿಲ್ಲ, ಒಪ್ಪುತ್ತೇನೆ. ಆದರೆ ಸ್ವಲ್ಪದರಲ್ಲೇ ಉಪ್ಪು ನಾಲಿಗೆಗೆ ಕೂರುತ್ತದೆ. ಅಲ್ಲದೆ ಇದು ಹಸಿ. ಬಸುರಿಯರು, ಹೊಟ್ಟೆ ಸೂಕ್ಷ್ಮ ಇರುವವರು ಸುಮ್ನೆ ಸಾಹಸ ಮಾಡುವುದು ಬೇಡ.

ಜಿಮ್ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಏಡಿ ಚೆನ್ನಾಗಿದ್ದರೆ ಚೆನ್ನ, ಇಲ್ಲದಿದ್ದರೆ ಕಾಪಾಡಲು ಮಸಾಲೆ ಇಲ್ಲ. ಇಂಚಿಯಾನ್‌ನ ಸೊರೆ ಪೊಗು ಬಂದರಿನಲ್ಲಿ ಅಥವಾ ರಾಜಧಾನಿ ಸಿಯೋಲ್‌ನ ನೊರ್ಯಾಂಗ್‌ಜಿನ್ ಮಾರುಕಟ್ಟೆಯಲ್ಲಿ ಜೀವಂತ ಏಡಿ ಕೊಂಡು, ಅಲ್ಲೇ ಇರುವ ಹೋಟೆಲಿಗೆ ಕೊಟ್ಟು ಬೇಯಿಸಿಕೊಳ್ಳಬಹುದು. ಅಗ್ಗ ಅನ್ನಿಸುತ್ತದೆ. ಆಮೇಲೆ ಮೇಜಿಗೆ, ತಲೆಗೆ ಇಷ್ಟು, ಬೇಯಿಸಲು ಇಷ್ಟು ಅಂತ ಬಿಲ್ಲು ಬೆಳೆಯುತ್ತದೆ.

ಆಯ್ಕೆಯಲ್ಲಿ ಕಾಲವೂ ಮುಖ್ಯ. ವಸಂತದಲ್ಲಿ ಮೊಟ್ಟೆ ತುಂಬಿದ ಹೆಣ್ಣೇಡಿ, ಗೆಜಾಂಗ್‌ಗೆ ಹೇಳಿ ಮಾಡಿಸಿದ್ದು. ಶರತ್ಕಾಲದಲ್ಲಿ ಮಾಂಸ ತುಂಬಿದ ಗಂಡೇಡಿ, ಆಗ ಜಿಮ್ ತಿನ್ನಿ. ಹೊಟ್ಟೆಯ ಮಡಿಕೆ ಅಗಲವಾಗಿ ದುಂಡಗಿದ್ದರೆ ಹೆಣ್ಣು, ಚೂಪಾಗಿದ್ದರೆ ಗಂಡು. ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ ಅಲ್ವಾ? ಸಾಮಾನ್ಯವಾಗಿ ಜೂನ್ 21ರಿಂದ ಆಗಸ್ಟ್ 20ರವರೆಗೆ ಈ ಏಡಿ ಹಿಡಿಯುವುದಕ್ಕೆ ನಿಷೇಧ. ಆ ದಿನಗಳಲ್ಲಿ ತಟ್ಟೆಗೆ ಬರುವುದು ಹೆಚ್ಚಾಗಿ ಫ್ರೀಜರ್ ಏಡಿ. ಜಿಮ್‌ನಲ್ಲಿ ಅದು ಬಾಯಿಗಿಟ್ಟ ಕೂಡಲೇ ಗೊತ್ತಾಗುತ್ತದೆ. ಸಾರಿನಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ವರ್ಷವಿಡೀ ಧೈರ್ಯವಾಗಿ ತರಿಸಿಕೊಳ್ಳಬಹುದಾದ್ದು ಅದೊಂದೇ.

ಸಾರಿನ ತೊಂದರೆ ಒಂದೇ. ಅದನ್ನು ಪಾತ್ರೆ ಲೆಕ್ಕದಲ್ಲಿ ಕೊಡುತ್ತಾರೆ: ಸಣ್ಣದು, ಮಧ್ಯಮ, ದೊಡ್ಡದು. ಸಣ್ಣದೂ ಇಬ್ಬರಿಗಾಗುವಷ್ಟಿರುತ್ತದೆ. ಮೆನುವಿನಲ್ಲಿ ಬೆಲೆಯ ಜಾಗದಲ್ಲಿ ‘ಸಿಗಾ’ ಅಂತಿದ್ದರೆ ಅವತ್ತಿನ ಮಾರುಕಟ್ಟೆ ದರ, ಮೊದಲೇ ಕೇಳಿಕೊಳ್ಳಿ. ಒಬ್ಬರೇ ಹೋಗುವುದಾದರೆ ಒಬ್ಬರಿಗೂ ಗೆಜಾಂಗ್ ಊಟ ಕೊಡುವ ಜಾಗ ಹುಡುಕಿ, ಒಂದು ಬಟ್ಟಲು ಅನ್ನ ಹೆಚ್ಚಿಗೆ ಹೇಳಿ.