ಪನಾವಿಯಾ ವಿ5: ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಅಭಿಪ್ರಾಯ

ಹಲ್ಲಿಗೆ ಸೆರಾಮಿಕ್ ಕ್ಯಾಪ್, ವಿನಿಯರ್ (ಹಲ್ಲಿನ ಮುಂಭಾಗಕ್ಕೆ ಹಾಕುವ ತೆಳು ಪದರ) ಅಂಟಿಸುವುದಕ್ಕೆ ನಮ್ಮ ದಂತ ಕ್ಲಿನಿಕ್‌ನಲ್ಲಿ ವರ್ಷಗಳಿಂದ ಪನಾವಿಯಾ ವಿ5 ಬಳಸುತ್ತಿದ್ದೇವೆ. ಜಪಾನಿನ ಕುರಾರೆ ಕಂಪನಿಯ ರೆಸಿನ್ ಸಿಮೆಂಟ್, ಅಂದರೆ ಹಲ್ಲಿಗೆ ಹಾಕುವ ರಾಳದ ಅಂಟು. ಅಗ್ಗ ಅಂತೂ ಅಲ್ಲ, ಡೀಲರ್ ಬಿಲ್ ಬಂದಾಗೆಲ್ಲ ಒಂದು ಸಲ ನಿಟ್ಟುಸಿರು ಬರುತ್ತದೆ. ಆದರೂ ತರಿಸುವುದು ಬಿಟ್ಟಿಲ್ಲ.

ಬಾಕ್ಸ್ ಬಿಚ್ಚಿದ ವಾರದಲ್ಲೇ ಇಂಥದ್ದಕ್ಕೆ ಸ್ಟಾರ್ ಕೊಡುವುದರಲ್ಲಿ ಅರ್ಥವಿಲ್ಲ. ಮೊದಲ ದಿನ ಯಾವ ರೆಸಿನ್ ಸಿಮೆಂಟೂ ಚೆನ್ನಾಗಿಯೇ ಹಿಡಿಯುತ್ತದೆ. ಬಾಯಿ ಅಂದರೆ ಸದಾ ಒದ್ದೆ ಜಾಗ, ಅದರಲ್ಲಿ ಬೆಳಿಗ್ಗೆ ಬಿಸಿ ಚಹಾ, ಮಧ್ಯಾಹ್ನ ಖಡಕ್ ರೊಟ್ಟಿ, ಮೇಲೊಂದು ತಣ್ಣಗಿನ ಮಜ್ಜಿಗೆ, ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವುದು. ಇಷ್ಟೆಲ್ಲ ಆದ ಮೇಲೂ ಹಿಡಿತ ಉಳಿದಿದೆಯಾ ಅನ್ನುವುದೇ ಪ್ರಶ್ನೆ. ಸಂಶೋಧಕರೂ ಅಂಟಿಸಿದ ತುಂಡನ್ನು 5 ಡಿಗ್ರಿ ನೀರಿಗೊಮ್ಮೆ, 55 ಡಿಗ್ರಿ ನೀರಿಗೊಮ್ಮೆ ಸಾವಿರಾರು ಸಲ ಅದ್ದಿ, ಆಮೇಲೆ ಎಳೆದು ನೋಡುತ್ತಾರೆ. 10,000 ಸಲ ಅದ್ದಿದರೆ ಬಾಯಲ್ಲಿ ಸುಮಾರು ಒಂದು ವರ್ಷ ಕಳೆದಂತೆ ಅಂತ ಒಂದು ಅಂದಾಜಿದೆ. ಯಾವ ಕಂಪನಿಯ ಬ್ರೋಷರ್ ಆದರೂ ಸರಿ, ಅಂಟಿಸಿ 24 ಗಂಟೆಯಾದಾಗಿನ ಹಿಡಿತದ ಅಂಕಿ ಮಾತ್ರ ಹಾಕಿದ್ದರೆ ಪಕ್ಕಕ್ಕಿಡಿ.

ವಿ5ರಲ್ಲಿ ಹಿಡಿತದ ಕೆಲಸ ಮಾಡುವುದು ಎಂಡಿಪಿ ಅನ್ನುವ ಮಾನೋಮರ್, ಅಂದರೆ ಒಂದಕ್ಕೊಂದು ಕೊಂಡಿಯಾಗಿ ಗಟ್ಟಿಯಾಗುವ ಸಣ್ಣ ಅಣು. 1980ರ ದಶಕದ ಶುರುವಿನಲ್ಲಿ ಕುರಾರೆಯವರೇ ತಂದದ್ದು. ಅದರ ಒಂದು ತುದಿಯಲ್ಲಿರುವ ಫಾಸ್ಫೇಟ್ ಝಿರ್ಕೋನಿಯಾವನ್ನು (ಕ್ಯಾಪ್ ಮಾಡುವ ಒಂದು ಗಟ್ಟಿ ಬಿಳಿ ಸೆರಾಮಿಕ್) ಹಿಡಿಯುತ್ತದೆ, ಇನ್ನೊಂದು ತುದಿ ರೆಸಿನ್ ಜೊತೆ ಸೇರುತ್ತದೆ. ಒಂದು ವಿಷಯ ಗೊತ್ತಿರಲಿ, ವಿ5ರಲ್ಲಿ ಎಂಡಿಪಿ ಇರುವುದು ಪ್ರೈಮರ್‌ಗಳಲ್ಲಿ, ಅಂದರೆ ಸಿಮೆಂಟಿಗೂ ಮೊದಲು ಹಚ್ಚುವ ದ್ರವಗಳಲ್ಲಿ; ಸಿಮೆಂಟ್ ಪೇಸ್ಟ್‌ನಲ್ಲಿ ಅಲ್ಲ. 'ಇವತ್ತು ಪೇಷೆಂಟ್ ಜಾಸ್ತಿ, ಪ್ರೈಮರ್ ಬಿಟ್ಟುಬಿಡೋಣ' ಅಂದರೆ ದುಬಾರಿ ಪೇಸ್ಟ್ ಸುಮ್ನೆ ದಂಡ.

ಕ್ಯಾಪ್ ಕಳಚಿ, ಕಾಗದದಲ್ಲಿ ಪೊಟ್ಟಣ ಕಟ್ಟಿಕೊಂಡು ಬರುವವರು ನಮಗೆ ಹೊಸಬರಲ್ಲ. ಬೇರೆ ಕಡೆ, ಬೇರೆ ಬೇರೆ ಸಿಮೆಂಟ್‌ನಲ್ಲಿ ಹಾಕಿಸಿಕೊಂಡವರು. (ಅಂಗಡಿಯ ಇನ್‌ಸ್ಟಂಟ್ ಗಮ್ ಹಾಕಿ ತಾವೇ ಅಂಟಿಸಿಕೊಂಡು ಬರುವವರೂ ಇದ್ದಾರೆ. ದಯವಿಟ್ಟು ಬೇಡ.) ನಾನು ಮೊದಲು ಮಾಡುವ ಕೆಲಸ ಆ ಕ್ಯಾಪ್ ತಿರುಗಿಸಿ ಒಳಗೆ ನೋಡುವುದು. ಎಷ್ಟೋ ಝಿರ್ಕೋನಿಯಾ ಕ್ಯಾಪ್‌ಗಳ ಒಳಗೆ ಒಂದು ಚೂರೂ ಸಿಮೆಂಟ್ ಇರುವುದಿಲ್ಲ, ಲ್ಯಾಬ್‌ನಿಂದ ಈಗಷ್ಟೇ ಬಂದಂತೆ ಬೆಳ್ಳಗೆ ಮಿರಿಮಿರಿ ಮಿಂಚುತ್ತಿರುತ್ತದೆ. ಸಿಮೆಂಟ್ ಪೂರ್ತಿ ಹಲ್ಲಿನ ಮೇಲೇ ಮೊಟ್ಟೆ ಚಿಪ್ಪಿನ ಹಾಗೆ ನಿಂತಿರುತ್ತದೆ, ಎಕ್ಸ್‌ಪ್ಲೋರರ್‌ನಲ್ಲಿ (ಹಲ್ಲು ಪರೀಕ್ಷಿಸುವ ಚೂಪು ಕಡ್ಡಿ) ಕೆರೆದರೂ ಬರುವುದಿಲ್ಲ. ಅಂದರೆ ಹಲ್ಲಿನ ಕಡೆ ಹಿಡಿತ ಸರಿಯಾಗಿಯೇ ಇತ್ತು. ಕೈಕೊಟ್ಟದ್ದು ಸೆರಾಮಿಕ್ ಕಡೆ.

ಯಾಕೆ ಹೀಗೆ? ಬಹಳ ಸಲ ಜೊಲ್ಲು. ಅಂಟಿಸುವ ಮೊದಲು ಕ್ಯಾಪನ್ನು ಬಾಯಲ್ಲಿ ಹಾಕಿ ನೋಡುತ್ತೇವೆ ಅಲ್ವಾ, ಆಗ ಜೊಲ್ಲಿನಲ್ಲಿರುವ ಫಾಸ್ಫೇಟ್ ಹೋಗಿ ಝಿರ್ಕೋನಿಯಾಗೆ ಅಂಟುತ್ತದೆ. ಎಂಡಿಪಿ ಕೂರಬೇಕಾದ ಜಾಗದಲ್ಲಿ ಅದು ಮೊದಲೇ ಕೂತುಬಿಟ್ಟಿರುತ್ತದೆ. ನೀರಲ್ಲಿ ತೊಳೆದರೆ ಹೋಗುವುದಿಲ್ಲ. ಫಾಸ್ಫಾರಿಕ್ ಆಸಿಡ್ ಹಚ್ಚಿ 'ಕ್ಲೀನ್' ಮಾಡಿದರೆ ಇನ್ನಷ್ಟು ಫಾಸ್ಫೇಟ್ ಹಚ್ಚಿದಂತೆ. ನಾವು ಹಾಕಿ ನೋಡಿದ ಮೇಲೇ 50 ಮೈಕ್ರಾನ್ ಅಲ್ಯೂಮಿನಾದಿಂದ ಕಡಿಮೆ ಒತ್ತಡದಲ್ಲಿ ಸ್ಯಾಂಡ್‌ಬ್ಲಾಸ್ಟ್ ಮಾಡಿ (ಗಾಳಿಯ ಜೊತೆ ಆ ಪುಡಿ ಚಿಮ್ಮಿಸಿ), ಆಮೇಲೆ ಪ್ರೈಮರ್ ಹಚ್ಚುತ್ತೇವೆ. ಸ್ಯಾಂಡ್‌ಬ್ಲಾಸ್ಟರ್ ಇಲ್ಲದ ಕ್ಲಿನಿಕ್‌ನವರು ಒಂದು ಚಿಕ್ಕದನ್ನಾದರೂ ಕೊಳ್ಳಿ, ಸಿಮೆಂಟ್ ಬದಲಾಯಿಸುವುದಕ್ಕಿಂತ ಅದರಿಂದ ಲಾಭ ಜಾಸ್ತಿ. ತೊಳೆಯುವುದಕ್ಕೆ ಐವೋಕ್ಲೀನ್, ಕಟಾನಾ ಕ್ಲೀನರ್ ತರಹದ್ದೂ ಸಿಗುತ್ತದೆ.

ಇ.ಮ್ಯಾಕ್ಸ್ ಅನ್ನುವ ಇನ್ನೊಂದು ಬಗೆಯ ಸೆರಾಮಿಕ್ ಆದರೆ ದಾರಿ ಬೇರೆ. ಅದು ಲಿಥಿಯಂ ಡೈಸಿಲಿಕೇಟ್, ಗಾಜಿನ ಅಂಶ ಇದೆ. 5% ಹೈಡ್ರೋಫ್ಲೋರಿಕ್ ಆಸಿಡ್ 20 ಸೆಕೆಂಡ್ ಇಟ್ಟು ತೊಳೆದು ಒಣಗಿಸಿದರೆ ಒಳಮೈ ಸಣ್ಣಗೆ ತರಿಯಾಗುತ್ತದೆ, ಆಮೇಲೆ ಸೈಲೇನ್, ಗಾಜಿಗೂ ರೆಸಿನ್‌ಗೂ ಬೆಸುಗೆ ಹಾಕುವ ರಾಸಾಯನಿಕ. ಝಿರ್ಕೋನಿಯಾದಲ್ಲಿ ಗಾಜು ಇಲ್ಲ, ಅದಕ್ಕೆ ಈ ಆಸಿಡ್ ಹಚ್ಚಿ ಪ್ರಯೋಜನವಿಲ್ಲ. ವಿ5 ಜೊತೆ ಬರುವ ಸೆರಾಮಿಕ್ ಪ್ರೈಮರ್‌ನಲ್ಲಿ ಸೈಲೇನೂ ಇದೆ, ಎಂಡಿಪಿಯೂ ಇದೆ, ಎರಡಕ್ಕೂ ಒಂದೇ ಬಾಟಲಿ ನಡೆಯುತ್ತದೆ. ಅಸಿಸ್ಟೆಂಟ್‌ಗೆ ಗೊಂದಲವಿಲ್ಲ. ನನಗೆ ಇದು ದೊಡ್ಡ ಅನುಕೂಲ.

ಬಣ್ಣದ ಬಗ್ಗೆ ದೂರಿಲ್ಲ. ಪೇಸ್ಟ್‌ನಲ್ಲಿ ಬಣ್ಣ ಕೆಡಿಸುವ ಅಮೈನ್ ಅನ್ನುವ ರಾಸಾಯನಿಕ ಇಲ್ಲ, ಹಾಗಾಗಿ ಹಳದಿಯಾಗುವುದು ಕಡಿಮೆ ಅನ್ನುತ್ತಾರೆ. ಮುಂದಿನ ಹಲ್ಲಿಗೆ ಹಾಕಿದ ವಿನಿಯರ್‌ಗಳು ಚೆಕಪ್‌ಗೆ ಬಂದಾಗ ಅಂಚಿನಲ್ಲಿ ಗೆರೆ ಕಂಡಿಲ್ಲ, ಚಹಾ ಬಿಡದವರಲ್ಲೂ.

ಕಿರಿಕಿರಿ ಏನು ಅಂದರೆ, ಹೊರಬಂದ ಸಿಮೆಂಟ್ ತೆಗೆಯುವುದು. ಒಂದೊಂದು ಕಡೆ 3ರಿಂದ 5 ಸೆಕೆಂಡ್ ಮಾತ್ರ ಸಿಮೆಂಟ್ ಗಟ್ಟಿ ಮಾಡುವ ಲೈಟ್ ತೋರಿಸಿದರೆ ಪಟ್ಟಿಯಾಗಿ ಎದ್ದು ಬರುತ್ತದೆ. ಮಾತಾಡುತ್ತಾ ಲೈಟ್ ಹಿಡಿದು ನಿಂತರೆ ಕಲ್ಲು. ಎರಡು ಹಲ್ಲಿನ ಸಂದಿಯಲ್ಲಿ ಉಳಿದರೆ ವಸಡು ಊದಿಕೊಳ್ಳುತ್ತದೆ, ಆಮೇಲೆ ಪೇಷೆಂಟ್ ಬೈಯುವುದು ಕ್ಯಾಪನ್ನು. ಲೈಟ್ ಮುಗಿಸುವ ಮೊದಲೇ ಫ್ಲಾಸ್ ಎಳೆದುಬಿಡಿ. ಪ್ರತಿ ಸಲ ಮಿಕ್ಸಿಂಗ್ ಟಿಪ್‌ನಲ್ಲಿ ಉಳಿದು ಹಾಳಾಗುವ ಪೇಸ್ಟ್ ನೋಡಿದರೂ ಹೊಟ್ಟೆ ಉರಿಯುತ್ತದೆ.

ಎಲ್ಲ ಕೇಸಿಗೂ ಇದು ಬೇಕಿಲ್ಲ. ದವಡೆ ಹಲ್ಲು ಸಾಕಷ್ಟು ಎತ್ತರ ಇದ್ದು, ಝಿರ್ಕೋನಿಯಾ ಕ್ಯಾಪ್ ಬಿಗಿಯಾಗಿ ಕೂರುತ್ತಿದ್ದರೆ, ಅಂಚು ವಸಡಿನ ಕೆಳಗಿದ್ದು ಒಣಗಿಸುವುದೇ ಕಷ್ಟ ಅನ್ನಿಸಿದರೆ, ನಾನು ಗ್ಲಾಸ್ ಅಯನೋಮರ್ ಅನ್ನುವ ಬೇರೆ ಬಗೆಯ ಸಿಮೆಂಟ್‌ನಲ್ಲೇ ಮುಗಿಸುತ್ತೇನೆ. ವಿನಿಯರ್, ಆನ್‌ಲೇ (ಹಲ್ಲಿನ ಮೇಲ್ಭಾಗ ಮಾತ್ರ ಮುಚ್ಚುವ ತುಂಡು), ಗಿಡ್ಡ ಹಲ್ಲು ಇದ್ದರೆ ಮಾತ್ರ ರೆಸಿನ್‌ಗೆ ಬದಲಿ ಇಲ್ಲ. ಅಂಥ ಕಡೆ ತಾತ್ಕಾಲಿಕ ಕ್ಯಾಪ್‌ಗೆ ಲವಂಗದೆಣ್ಣೆ ವಾಸನೆಯ ಯೂಜಿನಾಲ್ ಸಿಮೆಂಟ್ ಹಾಕಬೇಡಿ. ಅದು ರೆಸಿನ್ ಗಟ್ಟಿಯಾಗುವುದನ್ನೇ ತಡೆಯುತ್ತದೆ.

ಕೊನೆಗೆ ಸ್ಟಾಕ್ ವಿಷಯ. ರಾಯಚೂರು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ದಿನ ಕೊರಿಯರ್ ಗಾಡಿಯಲ್ಲಿ ಬಿದ್ದಿದ್ದ ಸಿರಿಂಜ್ ನಾನಂತೂ ತೆಗೆದುಕೊಳ್ಳುವುದಿಲ್ಲ. ಒಂದು ವರ್ಷಕ್ಕಾಗುವಷ್ಟನ್ನು ಚಳಿಗಾಲದಲ್ಲೇ, ಎಕ್ಸ್‌ಪೈರಿ ಫೋಟೋ ತರಿಸಿ ನೋಡಿ ಆರ್ಡರ್ ಮಾಡುತ್ತೇನೆ. ಬಂದ ತಕ್ಷಣ ಫ್ರಿಜ್‌ಗೆ, ಬಳಸುವ ಮೊದಲು ಸ್ವಲ್ಪ ಹೊತ್ತು ಹೊರಗೆ.