ಒಬ್ಬರ ಹೆಗಲಿಗೆ ಎರಡೂ ಹೊಣೆಯೋ, ಇಬ್ಬರಿಗೆ ಹಂಚುವುದೋ?

ಸಾಫ್ಟ್‌ವೇರ್ ಟೀಮನ್ನು ನಡೆಸಲು ಎರಡು ಪದ್ಧತಿಗಳಿವೆ; ಪುಣೆಯ ಹಿಂಜವಡಿಯಲ್ಲಿ ಎರಡನ್ನೂ ನಡೆಸಿ ನೋಡಿದ ಮೇಲಿನ ಮಾತಿದು. ಮೊದಲನೆಯದರಲ್ಲಿ ಜನ, ಕೋಡು ಎರಡನ್ನೂ ನೋಡಿಕೊಳ್ಳುವುದು ಒಬ್ಬರೇ ಲೀಡ್, ಅಂದರೆ ಟೀಮಿನ ಮುಂದಾಳು. ಎರಡನೆಯದರಲ್ಲಿ ಜನ ಮ್ಯಾನೇಜರ್‌ಗೆ, ಕೋಡು ಟೆಕ್ ಲೀಡ್‌ಗೆ.

ಐವರ ತನಕ ಒಬ್ಬರೇ ಸಾಕು. ವಾರಕ್ಕೆ ತಲಾ ಅರ್ಧ ಗಂಟೆ ಕೂತು ಮಾತಾಡಿದರೂ ಎರಡೂವರೆ ಗಂಟೆ. ಯಾರು ಎಲ್ಲಿ ಒದ್ದಾಡುತ್ತಿದ್ದಾರೆ ಎಂಬುದು ಕೋಡ್ ರಿವ್ಯೂನಲ್ಲೇ, ಅಂದರೆ ಬರೆದ ಕೋಡನ್ನು ಇನ್ನೊಬ್ಬರು ಓದಿ ಪರಿಶೀಲಿಸುವಾಗಲೇ, ಕಾಣುತ್ತದೆ. ಎಂಟು ಜನರಾದರೆ ಲೆಕ್ಕ ಕೆಡುತ್ತದೆ. ಐವರಲ್ಲಿ ಇಬ್ಬಿಬ್ಬರ 10 ಜೋಡಿ, ಎಂಟು ಮಂದಿಯಲ್ಲಿ 28. ಬಿಡಿಸಬೇಕಾದ ತಕರಾರೂ ಹಾಗೇ ಬೆಳೆಯುತ್ತವೆ. ಕ್ಲೈಂಟ್ ಇರುವ ನ್ಯೂಯಾರ್ಕಿನ ಬೆಳಗಿನ 9 ಗಂಟೆ ಇಲ್ಲಿ ಬೇಸಿಗೆಗೆ ಸಂಜೆ 6:30, ಚಳಿಗಾಲಕ್ಕೆ 7:30. ಲೀಡ್ ಕ್ಲೈಂಟ್ ಕಾಲ್‌ನಲ್ಲಿ, ರಿವ್ಯೂ ನೇತಾಡುತ್ತಿರುತ್ತದೆ.

ಏಟು ಬೀಳುವುದು ಶುಕ್ರವಾರ. ವಿಜಯಪುರದ ಬಸ್ಸು ಹಿಡಿಯಬೇಕಾದ ಹುಡುಗನ ಬ್ಯಾಗು ಮೇಜಿನ ಕೆಳಗೆ, 900 ಸಾಲಿನ ಬದಲಾವಣೆ ಸ್ಕ್ರೀನಿನ ಮೇಲೆ. ದಣಿದ ಲೀಡ್ ಕಣ್ಣಾಡಿಸಿ ಒಪ್ಪಿಗೆ ಒತ್ತಿಬಿಡುತ್ತಾರೆ. ಒಂದು ಸಲಕ್ಕೆ 300 ಸಾಲು ಮೀರಬಾರದು, ಶುಕ್ರವಾರ ಮಧ್ಯಾಹ್ನದ ನಂತರ ಮರ್ಜ್ (ಹೊಸ ಕೋಡನ್ನು ಮುಖ್ಯ ಕೋಡಿಗೆ ಸೇರಿಸುವುದು) ಇಲ್ಲ ಎಂದು ಕಟ್ಟುನಿಟ್ಟು ಮಾಡಿ. ಬೇರೆಯವರು ಕಾಯುವಂಥ ಟಿಕೆಟ್ಟನ್ನು (ಹಂಚಿಕೊಟ್ಟ ಕೆಲಸವನ್ನು) ಲೀಡ್ ತಾನೇ ಇಟ್ಟುಕೊಳ್ಳಬಾರದು.

ಹಂಚಿದರೆ ರಿವ್ಯೂ ಅದೇ ದಿನ ಮುಗಿಯುತ್ತದೆ, ಆದರೆ ಟೀಮಿಗೆ ಎರಡು ದನಿ ಕೇಳಿಸುತ್ತದೆ. ಮ್ಯಾನೇಜರ್ ಕ್ಲೈಂಟ್‌ಗೆ ತಾರೀಖು ಕೊಟ್ಟಿರುತ್ತಾರೆ, ಲೀಡ್ ಡೇಟಾಬೇಸ್ ಬದಲಾವಣೆಗೆ ಇನ್ನೂ ಎರಡು ವಾರ ಬೇಕೆನ್ನುತ್ತಾರೆ. ಕಿರಿಯರು ನಡುವೆ ಸಿಕ್ಕಿ ರಾತ್ರಿ ಕೂರುತ್ತಾರೆ. ಅದಕ್ಕೇ ಒಂದು ಹಾಳೆಯಲ್ಲಿ ಬರೆದಿಡಿ: ತಾರೀಖು ಮ್ಯಾನೇಜರ್‌ದು, ಆದರೆ ಲೀಡ್ ಕೊಟ್ಟ ಅಂದಾಜಿನ ಮೇಲೆ, ಮರ್ಜ್, ರೋಲ್‌ಬ್ಯಾಕ್ (ಬದಲಾವಣೆ ಹಿಂತೆಗೆಯುವುದು) ಲೀಡ್‌ದು, ರಜೆ, ಅಪ್ರೈಸಲ್ ಮ್ಯಾನೇಜರ್‌ದು, ಲೀಡ್ ಬರೆದುಕೊಟ್ಟ ಟಿಪ್ಪಣಿ ನೋಡಿ. ಗಣೇಶೋತ್ಸವದ ಹತ್ತು ದಿನ ರಿಲೀಸ್ (ಹೊಸ ಆವೃತ್ತಿ ಬಿಡುಗಡೆ) ಬೇಡವೆಂದು ಅದೇ ಹಾಳೆಯಲ್ಲಿರಲಿ.

ಇನ್ನೊಂದು ಅಪಾಯ ಸದ್ದಿಲ್ಲದ್ದು. ಪೇಮೆಂಟ್ ಮಾಡ್ಯೂಲ್ ಕೆಟ್ಟಾಗಲೆಲ್ಲ ರಾತ್ರಿ ಎದ್ದು ಸರಿಮಾಡುವವರು ಒಬ್ಬರೇ. ಮ್ಯಾನೇಜರ್‌ಗೆ ಅದು ನಿಷ್ಠೆ, ಲೀಡ್‌ಗೆ ಚುರುಕುತನ. ಕೇಳಿದರೆ "ಎಲ್ಲಾ ಆರಾಮ ಐತ್ರಿ ಸರ" ಎಂಬ ಉತ್ತರ, ಆಮೇಲೆ ರಾಜೀನಾಮೆ. 90 ದಿನದ ನೋಟಿಸಿನಲ್ಲಿ ಆ ತಿಳಿವಳಿಕೆಯೆಲ್ಲ ಇನ್ನೊಬ್ಬರಿಗೆ ದಾಟುವುದಿಲ್ಲ. ಒಬ್ಬರೇ ಎರಡೂ ನೋಡುವ ಪದ್ಧತಿಯಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ, ಆ ಮಟ್ಟಿಗೆ ಅದೇ ಮೇಲು.

ಆರು ಜನ ದಾಟಿದರೆ ನಮ್ಮ ಆಯ್ಕೆ ಹಂಚಿಕೆಯೇ, ಆದರೆ ಸೋಮವಾರ ಮ್ಯಾನೇಜರ್, ಲೀಡ್ ಒಟ್ಟಿಗೆ ಕೂರುವ 45 ನಿಮಿಷವನ್ನು ಇಬ್ಬರೂ ತಪ್ಪಿಸಬಾರದು. ಹಿಂದಿನ ವಾರ ರಾತ್ರಿ ಯಾರಿಗೆ ಎಷ್ಟು ಸಲ ಕಾಲ್ ಹೋಯಿತು ಎಂಬ ಪಟ್ಟಿ ಮೊದಲು ತೆರೆಯಲಿ. ಒಂದೇ ಹೆಸರು ಎರಡು ವಾರ ಮೇಲಿದ್ದರೆ, ಮುಂದಿನ ದುರಸ್ತಿಗೆ ಬೇರೊಬ್ಬರ ಕೈಯಲ್ಲಿ ಕೀಬೋರ್ಡ್ ಕೊಟ್ಟು, ಆ ಹೆಸರಿನವರನ್ನು ಪಕ್ಕದಲ್ಲಿ ಕೂರಿಸಿ.