ಓಲಾ ಡೂ 12: ಅಡಿಕೆ ಚೊಗರು ಬಲ್ಲ ನಾಲಿಗೆಗೊಂದು ಕಪ್ಪು ಬಿಯರ್

ಫ್ರಿಜ್ಜಿನಿಂದ ತೆಗೆದ ಕೂಡಲೇ ಸುರಿದು ಕುಡಿದರೆ ಓಲಾ ಡೂನಲ್ಲಿ ಸಿಗುವುದು ಸೀದುಹೋದ ಕಾಫಿಬೀಜದ ಕಹಿ ಮಾತ್ರ. ಇಷ್ಟು ದುಡ್ಡು ಕೊಟ್ಟು ಇದನ್ನಾ ತಂದದ್ದು ಎಂದು ಮುಖ ಕಿವುಚುವವರಲ್ಲಿ ಮುಕ್ಕಾಲು ಪಾಲು ಜನ ಕುಡಿದಿರುವುದು ಹಾಗೆಯೇ. ತಣ್ಣಗೆ ಕುಡಿಯುವ ಬೇಸಿಗೆಯ ತಿಳಿ ಲಾಗರ್ ಬಿಯರಿನ ಅಭ್ಯಾಸವನ್ನು ಇದಕ್ಕೆ ತರಬಾರದು.

ಸ್ಕಾಟ್ಲೆಂಡಿನ ಆಲ್ವಾ ಊರಿನ ಹಾರ್ವಿಸ್ಟನ್ ಬ್ರೂವರಿ ಇದನ್ನು ಹೊರತಂದದ್ದು 2007ರಲ್ಲಿ. ಅಲ್ಲಿಯ ಗೇಲಿಕ್ ನುಡಿಯಲ್ಲಿ ಹೆಸರಿನ ಅರ್ಥ ಕಪ್ಪು ಎಣ್ಣೆ. ಅದೇ ಬ್ರೂವರಿಯ ಓಲ್ಡ್ ಎಂಜಿನ್ ಆಯಿಲ್ ಎಂಬ ಶೇ 6ರ ಬಿಯರನ್ನು ಇನ್ನಷ್ಟು ಗಟ್ಟಿಯಾಗಿ ತಯಾರಿಸಿ, ಆರ್ಕ್ನಿ ದ್ವೀಪದ ಹೈಲ್ಯಾಂಡ್ ಪಾರ್ಕ್ ವಿಸ್ಕಿ ತುಂಬಿದ್ದ ಓಕ್ ಪೀಪಾಯಿಗಳಲ್ಲಿ ಇಡುತ್ತಾರೆ. ಆಲ್ಕೋಹಾಲ್ ಶೇ 8, ಬಾಟಲಿ 330 ಮಿ.ಲೀ. ಲೆಕ್ಕ ಹಾಕಿದರೆ ಒಂದು ಬಾಟಲಿಯಲ್ಲಿರುವುದು ನಮ್ಮ ಶೇ 42.8ರ ವಿಸ್ಕಿಯ ಎರಡು 30 ಮಿ.ಲೀ. ಪೆಗ್ಗಿನಷ್ಟು ಆಲ್ಕೋಹಾಲ್. 'ಬಿಯರ್ ತಾನೆ' ಎಂದು ಮೂರು ಬಾಟಲಿ ಇಳಿಸಿ ಬೈಕ್ ಹತ್ತುವ ಮಾತೇ ಬೇಡ.

ಲೇಬಲ್ಲಿನ 12 ಎಂಬ ಸಂಖ್ಯೆ ಬಿಯರಿನ ವಯಸ್ಸಲ್ಲ. ಆ ಪೀಪಾಯಿಯಲ್ಲಿ ಮೊದಲಿದ್ದ ವಿಸ್ಕಿಯ ವಯಸ್ಸು. ಬಿಯರ್ ಮರದೊಳಗೆ ಇರುವುದು ವರ್ಷಗಳ ಲೆಕ್ಕದಲ್ಲಲ್ಲ, ತಿಂಗಳುಗಳ ಲೆಕ್ಕದಲ್ಲಿ. ಇದು ಗೊತ್ತಿಲ್ಲದೆ ಲೇಬಲ್ಲಿನಲ್ಲಿ 18 ಎಂದಿರುವ ಓಲಾ ಡೂಗೆ ಹೆಚ್ಚು ದುಡ್ಡು ಸುರಿಯುವವರಿದ್ದಾರೆ. 18ರಲ್ಲಿ ಒಣದ್ರಾಕ್ಷಿಯ ಪರಿಮಳ ತುಸು ಮುಂದೆ ನಿಲ್ಲುತ್ತದೆ, ಮರದ ರುಚಿಯೂ ಹೆಚ್ಚು. ಆದರೆ ಅಡಿಯ ಬಿಯರ್ ಅಷ್ಟೇ ಹಿಂದೆ ಸರಿಯುತ್ತದೆ. ಮೊದಲ ಸಲಕ್ಕೆ 12 ಸಾಕು, ನಮ್ಮ ಮತ ಕೇಳಿದರೆ ಎರಡನೆಯ ಸಲಕ್ಕೂ ಅದೇ.

ಮಳೆಗಾಲದ ತೀರ್ಥಹಳ್ಳಿಯಲ್ಲಿ, ಕೋಣೆಯ ಬಿಸಿ 22–23 ಡಿಗ್ರಿ ಇರುವಾಗ, ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಡಿ. ಏಪ್ರಿಲ್ಲಿನ ಶಿವಮೊಗ್ಗದಲ್ಲಾದರೆ ಕಾಲು ಗಂಟೆ ಸಾಕು. ಬೇಕಾದದ್ದು 12 ಡಿಗ್ರಿಯ ಆಸುಪಾಸು. ಸ್ಟೀಲ್ ಲೋಟ ಬೇಡ, ಪರಿಮಳ ಅದರಲ್ಲಿ ನಿಲ್ಲುವುದಿಲ್ಲ. ಬಾಯಿ ಕಿರಿದಾದ ಬ್ರಾಂಡಿ ಗ್ಲಾಸೋ ವೈನ್ ಗ್ಲಾಸೋ ಇದ್ದರೆ ಮೂರನೇ ಒಂದು ಭಾಗ ತುಂಬಿಸಿ. ಗ್ಲಾಸಿನಲ್ಲಿ ಸೋಪಿನ ಅಥವಾ ಎಣ್ಣೆಯ ಪಸೆ ಉಳಿದಿದ್ದರೆ, ಮೊದಲೇ ಕಡಿಮೆ ಇರುವ ನೊರೆ ನಿಮಿಷದೊಳಗೆ ಮಾಯ.

ಬಣ್ಣ ಎಂಜಿನ್ ಆಯಿಲಿನದೇ. ದೀಪಕ್ಕೆ ಹಿಡಿದರೆ ಅಂಚಿನಲ್ಲಷ್ಟೇ ಕೆಂಪು. ಗ್ಲಾಸ್ ಓರೆ ಮಾಡಿ ನೆಟ್ಟಗೆ ನಿಲ್ಲಿಸಿದರೆ ಕಂದು ಪಸೆಯೊಂದು ಗಾಜಿನ ಮೇಲೆ ನಿಧಾನಕ್ಕೆ ಜಾರುತ್ತದೆ. ಈ ಮಂದ ಮೈಗೆ ಕಾರಣ ಬಾರ್ಲಿಯ ಜೊತೆ ಹಾಕುವ ಓಟ್ಸ್. ಮೊದಲ ಗುಟುಕಿಗೆ ಕಪ್ಪು ಚಾಕೊಲೇಟು, ಹಾಲಿಲ್ಲದ ಡಿಕಾಕ್ಷನ್. ಹತ್ತು ನಿಮಿಷ ಬಿಟ್ಟರೆ ಆಲೆಮನೆಯ ಕೊಪ್ಪರಿಗೆ ಅಂಚಿಗೆ ಹತ್ತಿದ ಬೆಲ್ಲದ ವಾಸನೆ ಏಳುತ್ತದೆ. ಜೋನಿ ಬೆಲ್ಲದಷ್ಟು ಸಿಹಿಯಲ್ಲ, ತಳ ಹಿಡಿದ ಬೆಲ್ಲ.

ಮರದ ರುಚಿ ಕಾಣಿಸಿಕೊಳ್ಳುವುದು ಇಲ್ಲಿಂದ ಮುಂದೆ, ಗ್ಲಾಸಿನಲ್ಲೇ ಬಿಯರ್ 16–18 ಡಿಗ್ರಿಗೆ ಏರಿದಾಗ. ಹೈಲ್ಯಾಂಡ್ ಪಾರ್ಕ್ ವಿಸ್ಕಿಗೆ ಬಳಸುವ ಮಾಲ್ಟಿನ, ಅಂದರೆ ಮೊಳಕೆ ಬರಿಸಿದ ಬಾರ್ಲಿಯ, ಒಂದು ಪಾಲು ಪೀಟ್ ಎಂಬ ಜೌಗುನೆಲದ ಮಣ್ಣಿನ ಹೊಗೆಯಲ್ಲಿ ಒಣಗಿದ್ದು. ಆ ಹೊಗೆ ವಿಸ್ಕಿಯಿಂದ ಮರಕ್ಕೆ, ಮರದಿಂದ ಬಿಯರಿಗೆ ಬಂದು ತಲುಪುವಷ್ಟರಲ್ಲಿ ಎಳೆಯಷ್ಟೇ ಉಳಿದಿರುತ್ತದೆ. ಮಲೆನಾಡಿನವರಿಗೆ ಹೇಳುವುದಾದರೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿದ ಉಪ್ಪಾಗೆ ಎಂಬ ಹುಳಿ ಹಣ್ಣಿನ ಸಿಪ್ಪೆ: ಹೊಗೆ, ಅದರ ಹಿಂದೆ ಸಣ್ಣ ಹುಳಿ. ನುಂಗಿದ ಮೇಲೆ ನಾಲಿಗೆಯ ಎರಡೂ ಬದಿ ಹಿಡಿದುಕೊಳ್ಳುವ ಒಗರು ಓಕ್ ಮರದ ಟ್ಯಾನಿನ್ನಿನದು. ಅದು ಎಂಜಲಿನ ಪ್ರೋಟೀನಿಗೆ ಅಂಟಿ ಬಾಯಿ ಒಣಗಿಸುತ್ತದೆ. ಅಡಿಕೆ ಬೇಯಿಸುವ ಹಂಡೆಯಲ್ಲಿ ಉಳಿಯುವ ಕೆಂಗಪ್ಪು ಚೊಗರನ್ನು ಬೆರಳಿಗೆ ಅದ್ದಿ ನೆಕ್ಕಿದವರಿಗೆ ಈ ಹಿಡಿತ ಹೊಸತಲ್ಲ. ಇಲ್ಲಿ ಅದರ ಹತ್ತರಲ್ಲೊಂದು ಪಾಲು ಅಷ್ಟೆ.

ವೆನಿಲ್ಲಾ, ತೆಂಗಿನಕಾಯಿಯ ಘಮ ಹುಡುಕುವವರಿಗೆ ಇಲ್ಲಿ ನಿರಾಸೆ. ಆ ಘಮ ಜೋರಾಗಿರುವುದು ಅಮೆರಿಕದ ಬರ್ಬನ್ ವಿಸ್ಕಿಯ ಪೀಪಾಯಿಯಲ್ಲಿಟ್ಟ ಬಿಯರುಗಳಲ್ಲಿ. ಅಲ್ಲಿಯ ಕಾನೂನಿನಂತೆ ಬರ್ಬನ್ನಿಗೆ ಒಳಗೆ ಸುಟ್ಟ ಹೊಸ ಓಕ್ ಪಾತ್ರೆಯೇ ಆಗಬೇಕು. ಹಾಗಾಗಿ ಒಂದೇ ಸಲ ಬಳಸಿದ, ಇನ್ನೂ ಸತ್ವ ಉಳಿದಿರುವ ಪೀಪಾಯಿಗಳು ಬ್ರೂವರಿಗಳಿಗೆ ಸಿಗುತ್ತವೆ. ಸ್ಕಾಟಿಷ್ ಪೀಪಾಯಿ ಹನ್ನೆರಡು ವರ್ಷ ವಿಸ್ಕಿಗೆ ರಸ ಬಿಟ್ಟುಕೊಟ್ಟು ತಣ್ಣಗಾದದ್ದು.

24 ಡಿಗ್ರಿ ದಾಟಿದರೆ ಸ್ಪಿರಿಟ್ ವಾಸನೆ ಮೂಗಿಗೆ ಬಡಿಯುತ್ತದೆ, ಗ್ಯಾಸ್ ಹೋಗಿ ಬಿಯರ್ ಸಪ್ಪೆಯಾಗುತ್ತದೆ. ಅದಕ್ಕೇ ಪೂರ್ತಿ ಬಾಟಲಿ ಒಮ್ಮೆಗೇ ಸುರಿಯದೆ ಎರಡು ಕಂತಿನಲ್ಲಿ ಸುರಿಯುವುದು ವಾಸಿ.

ಜೊತೆಗೆ ಏನು? ಕೆಂಡದ ಬೂದಿಯಲ್ಲಿ ಹೂತಿಟ್ಟು ಸುಟ್ಟ ಹಲಸಿನ ಬೀಜಕ್ಕೆ ಸಾಟಿಯಿಲ್ಲ. ಹಿಟ್ಟುಹಿಟ್ಟಾದ ಬೀಜ ಒಗರನ್ನು ಹೀರುತ್ತದೆ, ಹೊಗೆಗೆ ಹೊಗೆ ಕೂಡುತ್ತದೆ. ಉಪ್ಪು ಹಾಕಿ ಹುರಿದ ಗೇರುಬೀಜವೂ ನಡೆದೀತು. ಜೀರಿಗೆ ಮೆಣಸು ಅರೆದ ಏಡಿ ಸಾರು ಮಾತ್ರ ಬೇಡ. ಆಲ್ಕೋಹಾಲು, ಗ್ಯಾಸು ಎರಡೂ ಖಾರವನ್ನು ಹೊತ್ತಿಸುತ್ತವೆ, ಬಿಯರಿನ ರುಚಿ ಹೂತುಹೋಗುತ್ತದೆ. ತೊಡದೇವಿನಂಥ ಸಿಹಿಯ ಮೇಲೆ ಕುಡಿದರೆ ಬಿಯರಿನಲ್ಲಿರುವ ಸಿಹಿ ನಾಲಿಗೆಗೆ ಹತ್ತದೆ ಕಹಿಯೊಂದೇ ಉಳಿಯುತ್ತದೆ.

ಇದು ಇಲ್ಲಿಯ ವೈನ್‌ಶಾಪಿಗೆ ಹೋಗಿ ಕೇಳುವ ಸರಕಲ್ಲ, ಹೊರದೇಶದಿಂದ ಬರುವವರಿಗೆ ಹೇಳಿ ತರಿಸಬೇಕು. ಸುಂಕವಿಲ್ಲದೆ ತರಬಹುದಾದದ್ದು ಒಬ್ಬರಿಗೆ 2 ಲೀಟರ್, ಅಂದರೆ ಸರಿಯಾಗಿ ಆರು ಬಾಟಲಿ. ಬೆಂಗಳೂರಿನಿಂದ ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಹಾಕಿ ತರಬೇಡಿ. ಕಾವು ತಗುಲಿದ ಬಿಯರ್ ಮಳೆಯಲ್ಲಿ ನೆಂದ ರಟ್ಟಿನ ವಾಸನೆ ಹೊಡೆಯುತ್ತದೆ. ಮೂಗಿಗೆ ವಿನೆಗರ್ ಚುಚ್ಚಿದರೆ ಅದು ಬೇರೆ ರೋಗ: ಗಾಳಿ ಸೇರಿ ಬ್ಯಾಕ್ಟೀರಿಯಾ ಆಲ್ಕೋಹಾಲನ್ನು ಹುಳಿ ಮಾಡಿದೆ. ಉಪ್ಪಾಗೆಯ ಹುಳಿ ಇರಬಹುದು, ಗಂಟಲು ಕೆರೆಯುವ ಹುಳಿ ಇರಕೂಡದು.

ಇಟ್ಟುಕೊಳ್ಳುವುದಾದರೆ ಕತ್ತಲಲ್ಲಿ, ನೆಟ್ಟಗೆ. ಮಲೆನಾಡಿನ ಮಳೆಗಾಲಕ್ಕೆ ಮುಚ್ಚಳ ತುಕ್ಕು ಹಿಡಿಯುತ್ತದೆ. ತೆಗೆದ ಮೇಲೆ ಬಾಟಲಿಯ ಬಾಯಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸದೆ ಸುರಿದರೆ ಮೊದಲ ಗುಟುಕಿಗೇ ಕಬ್ಬಿಣದ ರುಚಿ. ತೆರೆದ ಬಾಟಲಿ ಬೆಳಗಿನವರೆಗೆ ನಿಲ್ಲುವುದಿಲ್ಲ. ಉಳಿದದ್ದನ್ನು ಮಟನ್ ಗ್ರೇವಿಗೆ ಹಾಕಬಹುದು. ಅರ್ಧ ಕೆ.ಜಿ.ಗೆ 50 ಮಿ.ಲೀ. ಮೀರಬಾರದು, ಬತ್ತಿದಷ್ಟೂ ಕಹಿ ಗಟ್ಟಿಯಾಗುತ್ತದೆ. ಹೆಚ್ಚಾಯಿತು ಅನ್ನಿಸಿದರೆ ಒಂದು ಚಮಚ ಜೋನಿ ಬೆಲ್ಲ.